ಮಳೆಗಾಲದ ಗರಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯನ್ನು ಕಂಡವರು ಅನೇಕರು. ಆದರೆ ಮಳೆಗೆ ಬಯಲುಕಣಗಳು ಕೆಸರಾಗಿ ಪಂದ್ಯಗಳು ನಿಂತಾಗಲೇ ಪೈಲವಾನನ ನಿಜವಾದ ಬೆಳವಣಿಗೆ. ದಂಡ, ಬೈಠಕ್, ಮಲ್ಲಕಂಬಗಳಿಂದ ಮೈ ಹುರಿಗೊಳ್ಳುತ್ತದೆ. ಸೋತ ಪಟ್ಟುಗಳನ್ನು ಉಸ್ತಾದರು ತಿದ್ದುತ್ತಾರೆ.

ಈ ಶಿಸ್ತು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದದಲ್ಲಿ ಜಟ್ಟಿಗಳ ಆಹಾರವನ್ನೂ, ಭಾರ ಎತ್ತುವ, ನಡೆಯುವ, ಈಜುವ, ಕಂಬದ ಮೇಲೆ ಸಾಧನೆ ಮಾಡುವ ಶ್ರಮಗಳನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾನೆ. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರ ಕಾಲದಲ್ಲಿ, 1912ರಲ್ಲಿ, ಸಿದ್ಧವಾದ ಖಾಸಬಾಗ ಮೈದಾನವು ಈ ವಿದ್ಯೆಗೆ ರಾಜಾಶ್ರಯದ ಸಾಕ್ಷಿ.

ಜಾತ್ರೆಯ ಬಹುಮಾನ ಪ್ರಕಟವಾದ ಮೇಲೆ ಸಾಮು ಆರಂಭಿಸುವ ಹುಡುಗನು ಕಣದಲ್ಲಿ ಕೈಕಾಲು ಮುರಿದುಕೊಳ್ಳಬಹುದು. ಆದುದರಿಂದ ಊರಿನ ಹಿರಿಯರು ಬಹುಮಾನಕ್ಕೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಮಳೆಗಾಲದ ಗರಡಿಗೆ ಮೀಸಲಿಡಲಿ. ಹುಡುಗರ ಹಾಲಿಗೂ ಉಸ್ತಾದರ ಗೌರವಧನಕ್ಕೂ ಅದು ಆಧಾರವಾದೀತು.