ಶಸ್ತ್ರವೈದ್ಯದಲ್ಲಿ ವಿದ್ಯಾರ್ಥಿಯ ಒಲವು: ಒಂದು ಚಾರಿತ್ರಿಕ ವಿವೇಚನೆ

ವೈದ್ಯ ವಿದ್ಯಾರ್ಥಿಯು ಶಸ್ತ್ರಚಿಕಿತ್ಸೆಯನ್ನೇ ತನ್ನ ಜೀವಿತವೃತ್ತಿಯನ್ನಾಗಿ ಆರಿಸಿಕೊಳ್ಳುವುದು ಅವನ ಧೈರ್ಯ, ಕೈಚಳಕಗಳನ್ನು ಮಾತ್ರ ಅವಲಂಬಿಸಿದೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. 19ನೆಯ ಶತಮಾನದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ಪೂರ್ಣಸತ್ಯವಲ್ಲವೆಂಬುದು ವಿದಿತವಾಗುತ್ತದೆ.

ಬ್ರಿಟನ್ನಿನಲ್ಲಿ ಶಸ್ತ್ರವೈದ್ಯರ ಸ್ಥಾನವು ಬಹುಕಾಲ ಇತರ ವೈದ್ಯರಿಗಿಂತ ಕೆಳಗಿದ್ದಿತು. 1540ರಲ್ಲಿ ಲಂಡನ್ನಿನ ಶಸ್ತ್ರವೈದ್ಯರನ್ನೂ ಕ್ಷೌರಿಕರನ್ನೂ ಒಂದೇ ಸಂಘಕ್ಕೆ ಸೇರಿಸಲಾಯಿತು. ಅವರು ಬೇರ್ಪಟ್ಟುದು 1745ರಲ್ಲಿ. 1800ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಗೆ ರಾಜಸನ್ನದು ದೊರೆಯಿತು. ಹೀಗೆ ಗೌರವವು ಲಭಿಸಿತಾದರೂ ಶಸ್ತ್ರಚಿಕಿತ್ಸಾಗಾರದ ಭೀಕರತೆ ತಗ್ಗಲಿಲ್ಲ.

ಇದಕ್ಕೆ ಚಾರ್ಲ್ಸ್ ಡಾರ್ವಿನ್ನನ ವಿದ್ಯಾರ್ಥಿದೆಸೆಯೇ ನಿದರ್ಶನ. ಆತನ ತಂದೆಯೂ ತಾತನೂ ವೈದ್ಯರು. 1825ರಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆಂದು ಎಡಿನ್‌ಬರೋ ನಗರಕ್ಕೆ ಹೋದ ಆತನು ಎರಡು ಶಸ್ತ್ರಕ್ರಿಯೆಗಳನ್ನು ನೋಡಲು ಹೋಗಿ, ಅವು ಮುಗಿಯುವ ಮೊದಲೇ ಹೊರಗೋಡಿದನು. ಅವುಗಳಲ್ಲಿ ಒಂದು ಮಗುವಿನ ಮೇಲೆ ನಡೆದುದು. 1827ರಲ್ಲಿ ಆ ವ್ಯಾಸಂಗವನ್ನೇ ತೊರೆದನು. ತಂದೆಯ ಆಸ್ತಿ ತನ್ನ ಜೀವನಕ್ಕೆ ಸಾಕೆಂಬ ನಂಬಿಕೆಯೂ ಆಸಕ್ತಿಯನ್ನು ಕುಂದಿಸಿತೆಂದು ಅವನೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ, ಮುಂದೆ ಐದು ವರ್ಷ ಬೀಗಲ್ ನೌಕೆಯ ಕಷ್ಟಗಳನ್ನು ಸಹಿಸಿದವನನ್ನು ಹೇಡಿಯೆನ್ನಲಾದೀತೆ?

ಪರಿಸ್ಥಿತಿ ಎರಡು ಹಂತಗಳಲ್ಲಿ ಬದಲಾಯಿತು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್, 1847ರಲ್ಲಿ ಎಡಿನ್‌ಬರೋದಲ್ಲಿಯೇ ಕ್ಲೋರೋಫಾರ್ಮ್ ಬಳಕೆಗೆ ಬಂದು ರೋಗಿಯ ಯಾತನೆಯನ್ನು ನೀಗಿದವು. ಗಾಯದ ನಂಜು ಮಾತ್ರ ಉಳಿದಿತ್ತು. ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪ್ರಯೋಗಗಳನ್ನು ನಡೆಸಿ 1867ರಲ್ಲಿ ಪ್ರಕಟಿಸಿದನು. ಅವನ ಲೆಕ್ಕದಂತೆ, ಈ ಕ್ರಮಕ್ಕೆ ಮುಂಚೆ ಅಂಗಚ್ಛೇದನಕ್ಕೊಳಗಾದ 35 ಮಂದಿಯಲ್ಲಿ 16 ಮಂದಿ ಮೃತರಾಗಿದ್ದರು. ಅನಂತರ 40 ಮಂದಿಯಲ್ಲಿ 6 ಮಂದಿ ಮಾತ್ರ.

ಭೀತಿ ತೊಲಗಿದರೆ ಸಾಲದು, ಕಲಿಕೆಗೆ ಮಾರ್ಗವೂ ಬೇಕು. 1889ರಲ್ಲಿ ಆರಂಭವಾದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ಡನು ಇಂತಹ ಮಾರ್ಗವನ್ನು ರೂಪಿಸಿದನು. ತರುಣ ವೈದ್ಯರು ಆಸ್ಪತ್ರೆಯಲ್ಲಿಯೇ ನೆಲೆಸಿ, ವರ್ಷದಿಂದ ವರ್ಷಕ್ಕೆ ಹೆಚ್ಚಿನ ಹೊಣೆಯನ್ನು ಹೊರುತ್ತಿದ್ದರು. ಕೊನೆಯ ಮೆಟ್ಟಿಲನ್ನು ಮುಟ್ಟಿದವರು ಕೆಲವರೇ ಎಂಬುದೂ ನಿಜ. 1896ರಲ್ಲಿ ಅಲ್ಲಿಗೆ ಬಂದ ಹಾರ್ವೆ ಕುಷಿಂಗನು ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ಶಾಖೆಯಾಗಿ ಬೆಳೆಸಿದನು.

ಆದುದರಿಂದ, ವಿದ್ಯಾರ್ಥಿಗಳಿಗೆ ಶಸ್ತ್ರವೈದ್ಯದಲ್ಲಿ ಒಲವು ಸಾಲದೆಂಬ ಆಕ್ಷೇಪಣೆ ಯಾವ ಕಾಲದಲ್ಲಿ ಕೇಳಿಬಂದರೂ, ಅವರ ಮನೋಧರ್ಮವನ್ನು ಪರೀಕ್ಷಿಸುವ ಮೊದಲು ಅವರನ್ನು ಬರಮಾಡಿಕೊಳ್ಳುವ ಶಸ್ತ್ರಚಿಕಿತ್ಸಾಗಾರವನ್ನು ಪರೀಕ್ಷಿಸುವುದು ಉಚಿತ.