ನಿಪಾ ಹಾವಳಿ: ಒಂದು ತಪ್ಪು ಹೆಸರಿನ ಇತಿಹಾಸ

ಮಲಯ ಭಾಷೆಯಲ್ಲಿ 'ಸುಂಗೈ' ಎಂದರೆ ಹೊಳೆ. 'ನಿಪಾ' ಎಂಬುದು ಕಡಲಂಚಿನ ಸವಳು ಕೆಸರಿನಲ್ಲಿ ಬೆಳೆಯುವ, ತಾಳೆಯ ಬಳಗಕ್ಕೆ ಸೇರಿದ ಒಂದು ಮರ. ಈ ಎರಡು ಮಾತುಗಳು ಕೂಡಿ ಹೆಸರಾದ ಸುಂಗೈ ನಿಪಾ ಎಂಬ ಹಳ್ಳಿಯು ಮಲೇಷ್ಯದ ನೆಗ್ರಿ ಸೆಂಬಿಲಾನ್ ರಾಜ್ಯದಲ್ಲಿದೆ. 1999ರಲ್ಲಿ ಅಲ್ಲಿಯ ರೋಗಿಯೊಬ್ಬನ ದೇಹದಿಂದ ಬೇರ್ಪಡಿಸಿದ ವೈರಸ್ಸಿಗೆ ಆ ಹಳ್ಳಿಯ ಹೆಸರನ್ನೇ ಇಡಲಾಯಿತು. ಆದರೆ ರೋಗವು ತಲೆದೋರಿದುದು ಅಲ್ಲಲ್ಲ. ತಲೆದೋರಿದಾಗ ಅದಕ್ಕಿದ್ದ ಹೆಸರೂ ಇದಲ್ಲ. ಆ ಮೊದಲ ಹೆಸರಿನಿಂದ ಒದಗಿದ ಅನರ್ಥವು ವಿಚಾರಯೋಗ್ಯವಾಗಿದೆ.

1998ರ ಸೆಪ್ಟೆಂಬರ್ ಕೊನೆಯಲ್ಲಿ ಪೆರಾಕ್ ರಾಜ್ಯದ ಇಪೋ ನಗರದ ಆಸುಪಾಸಿನ ಹಂದಿ ಸಾಕಣೆಗಾರರು ಜ್ವರ, ತಲೆನೋವುಗಳಿಂದ ಮಲಗತೊಡಗಿದರು. ಕೆಲವರಿಗೆ ಮಂಪರು ಕವಿದು ಪ್ರಜ್ಞೆ ತಪ್ಪಿತು, ಹಲವರು ತೀರಿಕೊಂಡರು. ಆ ನಾಡಿನ ವೈದ್ಯರಿಗೆ ಜಪಾನೀ ಮಿದುಳುಜ್ವರವು ಹೊಸದಲ್ಲ. ಸೊಳ್ಳೆಯು ಅದನ್ನು ಹರಡುತ್ತದೆ, ಹಂದಿಯ ರಕ್ತದಲ್ಲಿ ಅದು ಹೆಚ್ಚುತ್ತದೆ. ಕೆಲವು ರೋಗಿಗಳ ರಕ್ತಪರೀಕ್ಷೆಯೂ ಅದನ್ನೇ ಸೂಚಿಸಿತು. ಹಂದಿಯಿದೆ, ಸೊಳ್ಳೆಯಿದೆ, ಮಿದುಳಿನ ಜ್ವರವಿದೆ. ಇನ್ನು ಹೆಸರಿಗೆ ತಡವೇನು? ಕೂಡಲೇ ಸೊಳ್ಳೆಗಳಿಗೆ ಔಷಧದ ಹೊಗೆ ಹಾಕಿಸಿದರು, ಜನರಿಗೆ ಲಸಿಕೆ ಕೊಡಿಸಿದರು. ಅಧಿಕಾರಿಗಳು ಕೈಕಟ್ಟಿ ಕುಳಿತಿದ್ದರೆಂದು ಯಾರೂ ಹೇಳುವಂತಿಲ್ಲ. ಅವರು ಶ್ರಮಿಸಿದರು, ಆದರೆ ಇಲ್ಲದ ಶತ್ರುವಿನ ಮೇಲೆ.

ಹೆಸರಿಗೆ ಹೊಂದದ ಸಂಗತಿಗಳು ಮೊದಲಿನಿಂದಲೂ ಕಣ್ಣೆದುರಿಗೇ ಇದ್ದುವು. ಜಪಾನೀ ಮಿದುಳುಜ್ವರವು ಹೆಚ್ಚಾಗಿ ಮಕ್ಕಳನ್ನು ಹಿಡಿಯುವ ರೋಗ. ಇಲ್ಲಿ ಬಿದ್ದವರಾದರೋ ದುಡಿಯುವ ವಯಸ್ಸಿನ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಅವರಲ್ಲಿದ್ದರು. ಸೊಳ್ಳೆಗೆ ಮತಭೇದವಿಲ್ಲವಷ್ಟೆ? ಆದರೂ ಅದೇ ಸೀಮೆಯಲ್ಲಿ ವಾಸಿಸುವ, ಹಂದಿಯನ್ನು ಮುಟ್ಟದ ಮಲಯ ಮುಸಲ್ಮಾನರು ಬಹುಮಟ್ಟಿಗೆ ರೋಗದಿಂದ ದೂರವೇ ಉಳಿದರು. ಎಲ್ಲಕ್ಕೂ ಮಿಗಿಲಾಗಿ, ಹಂದಿಗಳೇ ಕಾಯಿಲೆ ಬಿದ್ದಿದ್ದುವು. ಜಪಾನೀ ಜ್ವರದ ವೈರಸ್ಸನ್ನು ಹೊತ್ತ ಹಂದಿಯು ಸಾಮಾನ್ಯವಾಗಿ ನರಳುವುದಿಲ್ಲ. ಇಲ್ಲಿಯ ಹಂದಿಗಳು ಬೊಗಳಿದಂತೆ ಕೆಮ್ಮುತ್ತಿದ್ದುವು. ಒಂದು ಮೈಲಿಯಾಚೆಗೂ ಕೇಳುವ ಕೆಮ್ಮೆಂದೇ ಅದು ಹೆಸರಾಯಿತು. ಭಯಗೊಂಡ ಸಾಕಣೆಗಾರರು ಹಂದಿಗಳನ್ನು ಬಂದ ಬೆಲೆಗೆ ಮಾರಿದರು. ಹೀಗೆ ಹಂದಿಗಳೊಡನೆ ರೋಗವೂ ಲಾರಿಯೇರಿ ದಕ್ಷಿಣದ ನೆಗ್ರಿ ಸೆಂಬಿಲಾನಿನ ಸಿಕಮಾಟ್, ಬುಕಿಟ್ ಪೆಲಂಡೋಕ್ ಪ್ರದೇಶಗಳಿಗೆ ಇಳಿಯಿತು. ಅತಿ ಹೆಚ್ಚಿನ ಸಾವುನೋವು ಸಂಭವಿಸಿದುದು ಅಲ್ಲಿಯೇ. ಶತ್ರು ಸೊಳ್ಳೆಯೆಂದು ನಂಬಿದ್ದರಿಂದ ಹಂದಿಯ ಸಾಗಣೆಯನ್ನು ಸಕಾಲದಲ್ಲಿ ತಡೆಯುವ ಯೋಚನೆ ಹುಟ್ಟಲಿಲ್ಲ.

ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಎಂಬ ವೈರಸ್ ತಜ್ಞರು 1999ರ ಮಾರ್ಚಿಯಲ್ಲಿ, ಸುಂಗೈ ನಿಪಾದ ರೋಗಿಯ ಬೆನ್ನುಹುರಿಯ ದ್ರವದಿಂದ ವೈರಸ್ಸೊಂದನ್ನು ಬೆಳೆಸಿದರು. ಜೀವಕೋಶಗಳು ಒಂದಕ್ಕೊಂದು ಬೆಸೆದು ದೈತ್ಯಾಕಾರ ತಾಳಿದ್ದನ್ನು ಕಂಡು ಅವರಿಗೆ ಸಂಶಯ ಬಲವಾಯಿತು. ಮಾದರಿಯನ್ನು ತಾವೇ ಹೊತ್ತು ಅಮೆರಿಕಕ್ಕೆ ಹೋದರು. ಫೋರ್ಟ್ ಕಾಲಿನ್ಸಿನ ಪ್ರಯೋಗಶಾಲೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಜಪಾನೀ ಜ್ವರದ ವೈರಸ್ಸಲ್ಲ. ದಡಾರ, ಮಂಗನಬಾವುಗಳ ಬಳಗಕ್ಕೆ ಸೇರಿದ ಬೇರೊಂದು. 1994ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಹೆಂಡ್ರಾ ಬಡಾವಣೆಯಲ್ಲಿ ಕುದುರೆಗಳನ್ನೂ ಅವುಗಳ ತರಬೇತುದಾರನನ್ನೂ ಕೊಂದ ವೈರಸ್ಸಿಗೆ ಅದು ದಾಯಾದಿಯೆಂದು ಅಟ್ಲಾಂಟದಲ್ಲಿ ನಿರ್ಣಯವಾಯಿತು.

ಸೈನ್ಯದ ನೆರವಿನಿಂದ ಸುಮಾರು 11 ಲಕ್ಷ ಹಂದಿಗಳನ್ನು ಕೊಲ್ಲಲಾಯಿತು. ಮಲೇಷ್ಯದಲ್ಲಿ 265 ಮಂದಿ ರೋಗಕ್ಕೆ ಈಡಾಗಿ 105 ಮಂದಿ ಮಡಿದರು. ಸಿಂಗಪುರದಲ್ಲಿ ಮಲೇಷ್ಯದಿಂದ ತಂದ ಹಂದಿಗಳನ್ನು ಕಡಿಯುತ್ತಿದ್ದ ಕಸಾಯಿಖಾನೆಯ 11 ಕೆಲಸಗಾರರು ಕಾಯಿಲೆ ಬಿದ್ದು ಒಬ್ಬನು ಸತ್ತನು.

ಹಂದಿಗೆ ಇದು ಬಂದುದೆಲ್ಲಿಂದ? ಹೆಂಡ್ರಾ ವೈರಸ್ಸಿನ ಮನೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳೆಂದು ಆಗಲೇ ತಿಳಿದಿದ್ದುದರಿಂದ ಹುಡುಕಾಟಕ್ಕೆ ದಾರಿ ದೊರೆಯಿತು. ಚುವಾ ಮತ್ತು ಸಂಗಡಿಗರು ತಿಯೋಮನ್ ದ್ವೀಪದಲ್ಲಿ ಬಾವಲಿಗಳು ಜೋತುಬಿದ್ದ ಮರಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮೂತ್ರವನ್ನು ಸಂಗ್ರಹಿಸಿದರು. ಆ ಮೂತ್ರದಲ್ಲಿಯೂ ಬಾವಲಿ ಅರ್ಧ ತಿಂದು ಬಿಟ್ಟ ಹಣ್ಣಿನಲ್ಲಿಯೂ ನಿಪಾ ವೈರಸ್ ದೊರೆತುದನ್ನು 2002ರಲ್ಲಿ ಪ್ರಕಟಿಸಿದರು. ಬಾವಲಿಗೆ ಅದರಿಂದ ಕೇಡು ಕಾಣದು.

1997ರ ಕಾಡುಬೆಂಕಿಯ ಹೊಗೆಯಿಂದ ಕಾಡಿನಲ್ಲಿ ಹಣ್ಣು ಕಡಿಮೆಯಾಗಿ ಬಾವಲಿಗಳು ತೋಟಗಳಿಗೆ ಬಂದುವೆಂಬ ವಾದವೊಂದುಂಟು. ಕೇಳಲು ಇಂಪಾಗಿದ್ದರೂ ಅದು ಕಾಲಗಣನೆಗೆ ಹೊಂದುವುದಿಲ್ಲ. ಹಳೆಯ ದಾಖಲೆಗಳನ್ನು ಮತ್ತೆ ಶೋಧಿಸಿದಾಗ ಪೆರಾಕಿನಲ್ಲಿ 1997ರ ಆರಂಭದಲ್ಲಿಯೇ ಈ ರೋಗವಿದ್ದುದು ತಿಳಿದುಬಂದಿದೆ. ಹೊಗೆ ದಟ್ಟವಾದುದು ಆ ವರ್ಷದ ಉತ್ತರಾರ್ಧದಲ್ಲಿ. ಹೆಚ್ಚು ಗ್ರಾಹ್ಯವಾದ ಕಾರಣ ಇಪೋ ಬಳಿಯ ಸಾಕಣೆಯಲ್ಲಿಯೇ ಇದೆ. ಅಲ್ಲಿ 30,000ಕ್ಕೂ ಮಿಕ್ಕಿ ಹಂದಿಗಳಿದ್ದುವು. ದೊಡ್ಡಿಗಳ ಮಗ್ಗುಲಲ್ಲಿಯೇ ಮಾವಿನ ಮರಗಳು. ಬಾವಲಿ ಕಚ್ಚಿದ ಹಣ್ಣು ದೊಡ್ಡಿಗೆ ಬೀಳುವುದು, ಹಂದಿ ಅದನ್ನು ತಿನ್ನುವುದು ಸಹಜವೇ. ಸಣ್ಣ ಹಿಂಡಾಗಿದ್ದರೆ ರೋಗವು ಸುತ್ತಿ ಮುಗಿಯುತ್ತಿತ್ತು. ಇಷ್ಟು ದೊಡ್ಡ ಹಿಂಡಿನಲ್ಲಿ ರೋಗನಿರೋಧ ಶಕ್ತಿಯಿಲ್ಲದ ಮರಿಗಳು ಸದಾ ಸೇರುತ್ತಿದ್ದುದರಿಂದ ಅದು ಆರದೆ ಉಳಿಯಿತು. ಲಾಭದ ಎರಡು ಬೆಳೆಗಳನ್ನು ಒಂದೇ ನೆಲದಲ್ಲಿ ಕೂಡಿಸಿದವನು ಮನುಷ್ಯ. ಬಾವಲಿಯಾದರೋ ಹಣ್ಣಿದ್ದೆಡೆಗೆ ಬಂದಿತು.

ಹಂದಿಯ ನಡುವಿಕೆಯೇ ಇಲ್ಲದೆಯೂ ರೋಗವು ದಾಟಬಲ್ಲುದೆಂಬುದು 2001ರಿಂದೀಚೆಗೆ ಬಾಂಗ್ಲಾದೇಶದಲ್ಲಿ ಗೊತ್ತಾಯಿತು. ಅಲ್ಲಿ ಚಳಿಗಾಲದಲ್ಲಿ ಈಚಲ ಮರಕ್ಕೆ ಕಟ್ಟಿದ ಮಡಕೆಯ ನೀರಾವನ್ನು ಬೆಳಗ್ಗೆ ಹಸಿಯಾಗಿಯೇ ಕುಡಿಯುವರು. ರಾತ್ರಿ ಅದೇ ರಸವನ್ನು ಬಾವಲಿ ನೆಕ್ಕುತ್ತದೆ. ಅದೇ ವರ್ಷ ನಮ್ಮ ದೇಶದ ಸಿಲಿಗುರಿಯಲ್ಲಿ 66 ಮಂದಿಗೆ ಜ್ವರ ಬಂದು 45 ಮಂದಿ ಸತ್ತರು. ಆಸ್ಪತ್ರೆಗಳೊಳಗೇ ಅದು ಒಬ್ಬರಿಂದೊಬ್ಬರಿಗೆ ಹರಡಿತ್ತು. ಅದು ನಿಪಾ ಎಂಬುದು ಉಳಿದಿದ್ದ ಮಾದರಿಗಳ ಪರೀಕ್ಷೆಯಿಂದ ವರ್ಷಗಳ ತರುವಾಯ ಸಿದ್ಧವಾಯಿತು.

2018ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಮಿದುಳುಜ್ವರದಿಂದ ಬಿದ್ದರು. ಒಂದೇ ಮನೆಯಲ್ಲಿ ಎರಡನೆಯವನಿಗೂ ಬಂದುದನ್ನು ಕಂಡ ವೈದ್ಯರು ಪರಿಚಿತ ರೋಗಗಳ ಪಟ್ಟಿಯಲ್ಲಿಯೇ ನಿಲ್ಲದೆ ಆತನ ಮಾದರಿಯನ್ನು ಮಣಿಪಾಲದ ವೈರಸ್ ಸಂಶೋಧನ ಕೇಂದ್ರಕ್ಕೆ ಕಳುಹಿಸಿದರು. ಆ ಕೇಂದ್ರದಲ್ಲಿ ನಿಪಾ ಎಂದು ಗುರುತಿಸಿದ್ದನ್ನು ಪುಣೆಯ ರಾಷ್ಟ್ರೀಯ ವೈರಸ್ ಸಂಸ್ಥೆಯು ಕೆಲವೇ ದಿನಗಳಲ್ಲಿ ದೃಢಪಡಿಸಿತು. ಆ ವೇಳೆಗೆ ಸೋಂಕಿದ್ದವರಲ್ಲಿ ಬಹುಮಂದಿ ಬದುಕಲಿಲ್ಲ. ಆದರೆ ಜೂನ್ ತಿಂಗಳು ಮುಗಿಯುವಷ್ಟರಲ್ಲಿ ಹೊಸ ರೋಗಿಗಳು ಬರುವುದು ನಿಂತಿತು.