ಕಂದುಕಕ್ರೀಡೆಯ ಆದ್ಯಪುರುಷ ಟಾಮ್ ವಿಲ್ಸ್

ವಿಕ್ಟೋರಿಯ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರ ಕ್ರೀಡಾಕೂಟದ ಈ ಸ್ಮರಣ ಸಂಚಿಕೆಗೆ ಇಲ್ಲಿನ ನೆಲದ ಆಟದ ಪೂರ್ವವೃತ್ತಾಂತವನ್ನು ಕುರಿತು ಬರೆಯಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ಇತಿಹಾಸವೆಲ್ಲವನ್ನೂ ಹೇಳಹೊರಡುವುದಕ್ಕಿಂತ ಅದರ ಮೂಲದಲ್ಲಿ ನಿಂತ ಒಬ್ಬ ಪುರುಷನ ಚರಿತ್ರೆಯನ್ನು ನಿರೂಪಿಸುವುದೇ ಉಚಿತವೆಂದು ನನಗೆ ತೋರಿತು. ನಮ್ಮ ಮಕ್ಕಳು ‘ಫುಟಿ’ ಎಂದು ಕರೆದು, ಚಳಿಗಾಲದ ಶನಿವಾರಗಳಲ್ಲಿ ತಮ್ಮ ತಂಡದ ಬಣ್ಣದ ಮಫ್ಲರನ್ನು ಕೊರಳಿಗೆ ಸುತ್ತಿಕೊಂಡು ನೋಡಲು ಓಡುವ ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬ ಆ ಆಟಕ್ಕೆ ಜನ್ಮವರ್ಷವುಂಟು, ನಿಯಮಗಳನ್ನು ಬರೆದಿಟ್ಟ ಹಾಳೆಯುಂಟು. ಆ ಹಾಳೆಗೆ ಕಾರಣರಾದವರಲ್ಲಿ ಅಗ್ರಗಣ್ಯನಾದ ಟಾಮ್ ವಿಲ್ಸನ ಹೆಸರು ಮಾತ್ರ ಬಹುಕಾಲ ಮರೆವಿನಲ್ಲಿತ್ತು.

ಆತನು 1835ರ ಆಗಸ್ಟ್ 19ರಂದು ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಜನಿಸಿದನು. ತಂದೆ ಹೊರೇಷಿಯೋ ವಿಲ್ಸ್ ಕುರಿಮಂದೆಗಳನ್ನು ಸಾಕುತ್ತಿದ್ದ ಸ್ಥಿತಿವಂತ. 1840ರಲ್ಲಿ ಸಂಸಾರಸಮೇತನಾಗಿ ದಕ್ಷಿಣಕ್ಕೆ ಬಂದು, ಗ್ರಾಂಪಿಯನ್ಸ್ ಪರ್ವತಗಳ ತಪ್ಪಲಿನಲ್ಲಿ, ಇಂದಿನ ಮಾಯ್ಸ್ಟನ್ ಗ್ರಾಮದ ಬಳಿ ನೆಲೆಯೂರಿದನು. ಅದು ಜಾಬ್ ವುರಂಗ್ ಎಂಬ ಮೂಲನಿವಾಸಿಗಳ ಭೂಮಿ. ಅಕ್ಕಪಕ್ಕದಲ್ಲಿ ಬಿಳಿಯರ ಮಕ್ಕಳಾರೂ ಇಲ್ಲದೆ ಬೆಳೆದ ಬಾಲಕ ಟಾಮ್ ಆ ಜನರ ಮಕ್ಕಳೊಡನೆ ಆಡಿ, ಅವರ ಭಾಷೆಯನ್ನೂ ಹಾಡುಗಳನ್ನೂ ಕಲಿತನು. ಅವರ ಚೆಂಡಾಟವಾದ ಮಾರ್ನ್‌ಗ್ರೂಕ್ ಆತನು ಮುಂದೆ ರೂಪಿಸಿದ ಆಟದ ಮೇಲೆ ತನ್ನ ಛಾಯೆಯನ್ನು ಬೀರಿತೆ ಎಂಬುದು ವಿದ್ವಾಂಸರಲ್ಲಿ ತೀವ್ರ ವಾದಕ್ಕೆ ಗುರಿಯಾದ ವಿಷಯ. ಉತ್ಸವದ ಸಂಚಿಕೆಯಲ್ಲಿ ಆ ವಾದಕ್ಕಿಳಿಯುವುದು ಸೂಕ್ತವಲ್ಲವಾದುದರಿಂದ ಮುಂದೆ ಸಾಗುತ್ತೇನೆ.

ಹದಿನಾಲ್ಕರ ವಯಸ್ಸಿನಲ್ಲಿ ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಲ್ಪಟ್ಟ ಹುಡುಗನು ಪಾಠಗಳಲ್ಲಿ ಹೆಚ್ಚಿನ ಕೀರ್ತಿಯನ್ನೇನೂ ಗಳಿಸದೆ, ಕ್ರಿಕೆಟ್ ತಂಡದ ನಾಯಕನಾಗಿಯೂ ಫುಟ್‌ಬಾಲ್ ಪಟುವಾಗಿಯೂ ಹೆಸರಾದನು. 1856ರ ಡಿಸೆಂಬರಿನಲ್ಲಿ ಆತನು ಹಿಂದಿರುಗುವ ವೇಳೆಗೆ ಚಿನ್ನದ ಗಣಿಗಳಿಂದ ಮೆಲ್ಬರ್ನ್ ನಗರ ಉಬ್ಬಿ ಬೆಳೆದಿತ್ತು. ದುಡಿಮೆಯಿತ್ತು, ದುಡ್ಡಿತ್ತು, ಬಿಡುವೂ ಇತ್ತು. ಚೆಂಡನ್ನೊದೆಯುವ ಆಟ ಆಗಲೇ ಅಲ್ಲಲ್ಲಿ ನಡೆದಿದ್ದರೂ, ನಮ್ಮ ಹಳ್ಳಿಗಳ ಚಿನ್ನಿದಾಂಡಿನಂತೆ ಒಂದೊಂದು ಕಡೆಗೆ ಒಂದೊಂದು ಕಟ್ಟಳೆ.

1858ರ ಜುಲೈ 10ರಂದು ‘ಬೆಲ್ಸ್ ಲೈಫ್ ಇನ್ ವಿಕ್ಟೋರಿಯ’ ಎಂಬ ಕ್ರೀಡಾಪತ್ರಿಕೆಯಲ್ಲಿ ವಿಲ್ಸನ ಆ ಪ್ರಸಿದ್ಧ ಪತ್ರ ಪ್ರಕಟವಾಯಿತು. ಕ್ರಿಕೆಟಿಗರು ಚಳಿಗಾಲವನ್ನೆಲ್ಲ ಆಲಸ್ಯದಲ್ಲಿ ಕಳೆದು ಅಂಗಾಂಗಗಳನ್ನು ಜಡವಾಗಿಸಿಕೊಳ್ಳುವ ಬದಲು ಒಂದು ಫುಟ್‌ಬಾಲ್ ಸಂಘವನ್ನು ಕಟ್ಟಿ, ಸಮಿತಿಯೊಂದರಿಂದ ನಿಯಮಗಳನ್ನು ಬರೆಯಿಸಬಾರದೇಕೆ ಎಂಬುದು ಆತನ ಪ್ರಶ್ನೆ. ಅದಾಗದಿದ್ದರೆ ಬಂದೂಕುಗಾರಿಕೆಯ ಸಂಘವನ್ನಾದರೂ ಕಟ್ಟಿರೆಂದು ಅದೇ ಪತ್ರದಲ್ಲಿ ಸೂಚಿಸಿದ್ದನು. ಮೆಲ್ಬರ್ನಿನ ಜನ ಮೊದಲನೆಯ ಸಲಹೆಯನ್ನೇ ಹಿಡಿದುದು ನಮ್ಮೆಲ್ಲರ ಪುಣ್ಯ! ಮರುತಿಂಗಳು 7ರಂದು ರಿಚ್ಮಂಡ್ ಪ್ಯಾಡಕ್ ಎಂಬ ಬಯಲಿನಲ್ಲಿ ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳು, ಕಡೆಗೆ 40 ಮಂದಿಯಂತೆ, ಎದುರುಬದಿರಾಗಿ ನಿಂತವು. ಅಂಪೈರುಗಳು ಇಬ್ಬರು: ಒಬ್ಬನು ವಿಲ್ಸ್, ಮತ್ತೊಬ್ಬನು ರಸಾಯನಶಾಸ್ತ್ರಜ್ಞನಾದ ಜಾನ್ ಮೆಕಾಡಮ್, ಎಂದರೆ ನಾವು ಇಂದು ಅಂಗಡಿಯಿಂದ ತಂದು ತಿನ್ನುವ ಮೆಕಡೇಮಿಯ ಬೀಜಕ್ಕೆ ಯಾರ ಹೆಸರು ಬಂದಿತೋ ಆತನೇ. ಕತ್ತಲಾಗುವವರೆಗೆ ಸೆಣಸಿದರೂ ಇತ್ತಂಡಗಳಿಗೂ ಒಂದೊಂದೇ ಗೋಲು. ಇನ್ನೆರಡು ಶನಿವಾರ ಮುಂದುವರಿಸಿದರೂ ಜಯಾಪಜಯಗಳು ನಿರ್ಣಯವಾಗಲಿಲ್ಲ.

1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಸಂಘ ಸ್ಥಾಪಿತವಾಯಿತು. ಆ ತಿಂಗಳ 17ರಂದು ಜೆರ್ರಿ ಬ್ರಯಂಟನ ಪರೇಡ್ ಹೋಟೆಲಿನಲ್ಲಿ ವಿಲ್ಸ್, ಪತ್ರಕರ್ತರಾದ ಹ್ಯಾಮರ್‌ಸ್ಲಿ ಮತ್ತು ಥಾಮ್ಸನ್, ಶಾಲೆಯ ಉಪಾಧ್ಯಾಯನಾದ ಐರಿಷ್ ಮನುಷ್ಯ ಸ್ಮಿತ್ ಮೊದಲಾದವರು ಕೂಡಿ ಹತ್ತು ನಿಯಮಗಳನ್ನು ಬರೆದಿಟ್ಟರು. ರಗ್ಬಿಯ ಪದ್ಧತಿಯಲ್ಲಿ ಪಳಗಿದ ವಿಲ್ಸನಿಗೆ ಅದರ ಮೇಲೆ ಮೋಹವಿದ್ದುದು ಸಹಜ; ಆದರೆ ಮಾರನೆಯ ದಿನ ಕೆಲಸಕ್ಕೆ ಹೋಗಬೇಕಾದ ಗೃಹಸ್ಥರು ಗಟ್ಟಿಯಾದ ಈ ನೆಲದ ಮೇಲೆ ಒಬ್ಬರ ಮೊಣಕಾಲನ್ನೊಬ್ಬರು ಒದೆಯುತ್ತ ಆಡಲಾದೀತೆ? ಆದುದರಿಂದ ಕಾಲಿಗೆ ಒದೆಯುವುದು ನಿಷಿದ್ಧವಾಯಿತು, ಚೆಂಡನ್ನು ಎಸೆಯಕೂಡದು, ಕಾಲಿನಿಂದ ಹಾರಿಬಂದ ಚೆಂಡನ್ನು ನೇರವಾಗಿ ಹಿಡಿದವನು ‘ಮಾರ್ಕ್’ ಎಂದು ಕೂಗಿ ನಿರಾತಂಕವಾಗಿ ಒದೆಯಬಹುದು. ಆಫ್‌ಸೈಡಿನ ಮಾತೇ ಆ ಹತ್ತರಲ್ಲಿ ಇಲ್ಲ. ಇಂದಿನ ಆಟಗಾರ ಎದುರಾಳಿಯ ಭುಜದ ಮೇಲೇರಿ ಚೆಂಡನ್ನು ಹಿಡಿದಾಗ ಎಪ್ಪತ್ತು ಎಂಬತ್ತು ಸಾವಿರ ಕಂಠಗಳು ಒಮ್ಮೆಗೇ ಗರ್ಜಿಸುವುದರ ಬೀಜ ಆ ‘ಮಾರ್ಕ್’ ನಿಯಮದಲ್ಲಿಯೇ ಇದೆ. ತಾನು ಕಲಿತುದೇ ಸರಿಯೆಂದು ಹಟ ಹಿಡಿಯದೆ ನಾಲ್ವರ ಸಮ್ಮತಿಗೆ ಮಣಿದುದೇ ವಿಲ್ಸನ ನಿಜವಾದ ಹಿರಿಮೆಯೆಂಬುದು ನನ್ನ ಅಭಿಪ್ರಾಯ.

ಅನಂತರದ್ದು ದುಃಖದ ಅಧ್ಯಾಯ. ತಂದೆಯೊಡನೆ ಕ್ವೀನ್ಸ್‌ಲೆಂಡಿಗೆ ಹೋದ ಟಾಮ್ ಸಾಮಗ್ರಿಗಳನ್ನು ತರಲು ಹೊರಟಿದ್ದ ಸಮಯದಲ್ಲಿ, 1861ರ ಅಕ್ಟೋಬರ್ 17ರಂದು ಕಲಿನ್-ಲಾ-ರಿಂಗೋ ಎಂಬಲ್ಲಿ ಹೊರೇಷಿಯೋ ಸಹಿತ 19 ಮಂದಿ ಮೂಲನಿವಾಸಿಗಳಿಂದ ಹತರಾದರು. ಅದಕ್ಕೆ ಪ್ರತೀಕಾರವಾಗಿ ನಡೆದ ಸಂಹಾರದಲ್ಲಿ ಸತ್ತ ಮೂಲನಿವಾಸಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಅದರಲ್ಲಿ ಟಾಮನ ಪಾಲಿತ್ತೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಐದೇ ವರ್ಷಗಳ ತರುವಾಯ, 1866ರ ಡಿಸೆಂಬರ್ 26ರಂದು, ಮೂಲನಿವಾಸಿಗಳ ಕ್ರಿಕೆಟ್ ತಂಡವನ್ನು ತರಬೇತುಗೊಳಿಸಿ ಮೆಲ್ಬರ್ನ್ ಮೈದಾನಕ್ಕೆ ಸಾವಿರಾರು ಪ್ರೇಕ್ಷಕರ ಮುಂದೆ ಕರೆತಂದವನು ಈತನೇ. 1868ರಲ್ಲಿ ಆ ಆಟಗಾರರಲ್ಲಿ ಕೆಲವರು ಇಂಗ್ಲೆಂಡಿಗೆ ಹೋದ ಪ್ರಥಮ ಆಸ್ಟ್ರೇಲಿಯ ತಂಡದಲ್ಲಿದ್ದರು. ನಾಯಕತ್ವ ಮಾತ್ರ ವಿಲ್ಸನಿಗೆ ಬಾರದೆ ಚಾರ್ಲ್ಸ್ ಲಾರೆನ್ಸ್ ಎಂಬ ಕ್ರಿಕೆಟಿಗನ ಪಾಲಾಯಿತು.

ಫುಟ್‌ಬಾಲಿನಲ್ಲಿ ವಿಲ್ಸನ ಪ್ರೌಢ ವರ್ಷಗಳು ಗೀಲಾಂಗ್ ಸಂಘಕ್ಕೆ ಸಂದವು. ಗೀಲಾಂಗ್ ನಿವಾಸಿಯಾದ ನಾನು ಇದನ್ನು ಒತ್ತಿ ಹೇಳುವುದನ್ನು ಮೆಲ್ಬರ್ನಿನ ಮಿತ್ರರು ಪಕ್ಷಪಾತವೆನ್ನಬಹುದು. ಆದರೆ 1878, 1879, 1880 ಈ ಮೂರು ವರ್ಷಗಳಲ್ಲಿ ಎಡೆಬಿಡದೆ ಪ್ರೀಮಿಯರ್ ಪದವಿಯನ್ನು ಗಳಿಸಿದ ಗೀಲಾಂಗಿನ ತಳಹದಿಯಲ್ಲಿ ಆತನ ಬೆವರಿರುವುದನ್ನು ಅಲ್ಲಗಳೆಯುವವರಾರು? 1866ರಲ್ಲಿ ನಿಯಮಗಳನ್ನು ಪರಿಷ್ಕರಿಸಿದ ಸಮಿತಿಯ ಮುಖಂಡ ಎಚ್. ಸಿ. ಎ. ಹ್ಯಾರಿಸನ್. ‘ಫುಟ್‌ಬಾಲಿನ ಪಿತಾಮಹ’ ಎಂಬ ಬಿರುದು ಆತನಿಗೇ ಸಂದಿತು. ಆತನು ವಿಲ್ಸನ ಸೋದರಬಂಧುವೂ ತಂಗಿಯ ಗಂಡನೂ ಆದುದರಿಂದ, ಮನೆಯೊಳಗಿನ ಬಿರುದಿನ ಹಂಚಿಕೆಯನ್ನು ಹೊರಗಿನವರು ವಿಚಾರಿಸದಿರುವುದೇ ಲೇಸು. ಮೆಲ್ಬರ್ನ್ ಕ್ರಿಕೆಟ್ ಸಂಘದೊಡನೆಯೂ ವಿಲ್ಸನಿಗೆ ಮನಸ್ತಾಪಗಳು ಬಂದಿದ್ದವು; ಅವುಗಳ ವಿಷಯದಲ್ಲಿಯೂ ಅಷ್ಟೆ.

ಮದ್ಯಪಾನ, ಸಾಲ, ಒಂಟಿತನ ಇವು ಕೊನೆಯ ವರ್ಷಗಳನ್ನು ನುಂಗಿದವು. 1880ರ ಮೇ 2ರಂದು ಹೈಡಲ್‌ಬರ್ಗಿನ ಮನೆಯಲ್ಲಿ, ಉನ್ಮಾದಾವಸ್ಥೆಯಲ್ಲಿ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಾಗ ಆತನಿಗೆ 44 ವಯಸ್ಸು. ಮುಂದಿನ ದಶಕಗಳಲ್ಲಿ ಒಕ್ಕೂಟಗಳು ಹುಟ್ಟಿದವು, ಒಡೆದವು, ಮತ್ತೆ ಕೂಡಿದವು. ವಿಲ್ಸನ ಗೋರಿಗೆ ಮಾತ್ರ ಒಂದು ಗುರುತಿನ ಕಲ್ಲೂ ಇರಲಿಲ್ಲ. ಮೆಲ್ಬರ್ನ್ ಕ್ರಿಕೆಟ್ ಸಂಘವೇ 1980ರಲ್ಲಿ ಆ ಲೋಪವನ್ನು ಸರಿಪಡಿಸಿತು. 2001ರಲ್ಲಿ ಮೆಲ್ಬರ್ನ್ ಮೈದಾನದ ಹೊರಗೆ, 1858ರ ಆ ಶಾಲಾಪಂದ್ಯದ ಅಂಪೈರನಾಗಿ ನಿಂತಿರುವ ಆತನ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಪಂದ್ಯ ನೋಡಲು ಮಕ್ಕಳನ್ನು ಕರೆದೊಯ್ಯುವ ನಮ್ಮ ಬಾಂಧವರು ಇನ್ನು ಮುಂದೆ ಅರ್ಧ ಗಂಟೆ ಮುಂಚಿತವಾಗಿ ಹೊರಟು, ಆ ಪ್ರತಿಮೆಯ ಮುಂದೆ ನಿಂತು ಈ ವೃತ್ತಾಂತವನ್ನು ಅವರಿಗೆ ಕನ್ನಡದಲ್ಲಿಯೇ ಹೇಳಬೇಕೆಂದು ನನ್ನ ಪ್ರಾರ್ಥನೆ.